0ಯಿಂದ 6 ವರ್ಷದ ವಿಶೇಷ ಮಕ್ಕಳಿಗೆ ಕಲಿಸಬೇಕು. ಯಾವ ಮಾಸ್ಟರ್ಸ್ ಮಾಡಲಿ?

ಯುಕೆಜಿ_ಮಿಸ್
ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದ ಒಂದು ಖಾಸಗಿ ಶಾಲೆಯಲ್ಲಿ ಆರು ವರ್ಷದಿಂದ ಎಲ್‌ಕೆಜಿ, ಯುಕೆಜಿ ಟೀಚರ್. ಬಿ.ಎ. ಆಗಿದೆ, ಮಾಮೂಲಿ ಬಿ.ಎಡ್. ಕೂಡ ಆಗಿದೆ.

ಹೋದ ವರ್ಷ ನನ್ನ ಕ್ಲಾಸಿಗೆ ಒಬ್ಬ ಹುಡುಗ ಬಂದ. ನಾಲ್ಕು ತುಂಬಿತ್ತು, ಮಾತಿಲ್ಲ. ಹೆಸರು ಕರೆದರೆ ತಿರುಗುತ್ತಿರಲಿಲ್ಲ. ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಾ ಕೂತರೆ ಊಟದ ಬೆಲ್ ಹೊಡೆದರೂ ಏಳುತ್ತಿರಲಿಲ್ಲ. ಆದರೆ ಕಿಟಕಿಯಾಚೆ ತೀರ್ಥಹಳ್ಳಿ ಬಸ್ಸು ಹೋದರೆ ಮಾತ್ರ ಎದ್ದು ಕುಣಿಯುತ್ತಿದ್ದ. ಸಾಗರದ ಬಸ್ಸಿಗೆ ಕುಣಿಯುತ್ತಿರಲಿಲ್ಲ. ಆಮೇಲೆ ಗೊತ್ತಾಯಿತು, ತೀರ್ಥಹಳ್ಳಿ ಅವನ ಅಜ್ಜಿ ಊರು. ಮೂರೇ ತಿಂಗಳಿಗೆ ಟಿ.ಸಿ. ಕೊಟ್ಟು ಕಳಿಸಿದರು. ನಾನೂ ಸುಮ್ಮನಿದ್ದೆ. ಏನು ಮಾಡಬೇಕು ಅಂತ ನನಗೂ ಗೊತ್ತಿರಲಿಲ್ಲ.

ಈಗ ಇಂಥ ಚಿಕ್ಕ ಮಕ್ಕಳಿಗಾಗಿ ಓದಬೇಕು ಅಂತ ನಿರ್ಧಾರ ಮಾಡಿದ್ದೇನೆ. ವಿಶೇಷ ಶಿಕ್ಷಣದ ಎಂ.ಎಡ್. ಮಾಡಲಾ, ಧಾರವಾಡದಲ್ಲಿ ಮಾನವ ಅಭಿವೃದ್ಧಿಯ ಎಂ.ಎಸ್ಸಿ. ಮಾಡಲಾ? ಇನ್ನೊಂದು ಆನ್‌ಲೈನ್ ಮಾಸ್ಟರ್ಸ್ ಜಾಹೀರಾತು ದಿನಾ ಬರ್ತಿದೆ, ಒಂದೇ ವರ್ಷ, ಮನೆಯಲ್ಲೇ ಕೂತು ಮಾಡಬಹುದಂತೆ. ನನಗೆ ನಾಲ್ಕು ವರ್ಷದ ಮಗಳಿದ್ದಾಳೆ, ಯಜಮಾನರ ಕೆಲಸ ಇಲ್ಲೇ. ತಿಳಿದವರು ಹೇಳಿ.

ರಾಗಿಮುದ್ದೆ
ಆನ್‌ಲೈನ್‌ನದು ಬೇಡ. ಬೇಡ ಅಂದ್ರೆ ಬೇಡ.

ಯುಕೆಜಿ_ಮಿಸ್
ಯಾಕೆ ಅಂತ ಹೇಳಿ ಸರ್ 🙂

ರಾಗಿಮುದ್ದೆ
ಸರ್ ಅಲ್ಲ, ಮೇಡಂ. ನನ್ನ ದುಡ್ಡು ಹೋಗಿದೆ, ಅದಕ್ಕೇ ಹೇಳ್ತಿರೋದು. ಹೆಸರು ಹೇಳಲ್ಲ. ಸರ್ಟಿಫಿಕೇಟ್ ದಪ್ಪ ಹಾಳೆಯಲ್ಲಿ, ಬಂಗಾರದ ಅಕ್ಷರದಲ್ಲಿ ಬಂತು. ಅದನ್ನು ಹಿಡಿದುಕೊಂಡು ಬೆಂಗಳೂರಿನಲ್ಲಿ ಒಂದು ಶಾಲೆಗೆ ಹೋದೆ. ಮೊದಲ ಪ್ರಶ್ನೆ, "ನಿಮ್ಮ ಸಿಆರ್‌ಆರ್ ನಂಬರ್ ಎಷ್ಟು?" ನಾನು, "ಅದೇನು?" ಅಲ್ಲಿಗೆ ಇಂಟರ್‌ವ್ಯೂ ಮುಗೀತು. ಚಹಾ ಕೊಟ್ಟರು, ಅಷ್ಟೇ ಲಾಭ.

ಗಂಗೋತ್ರಿ_ಹಳಬ
ಅದೇನು ಅಂತ ನಾನು ಹೇಳ್ತೇನೆ. ಈ ಕ್ಷೇತ್ರಕ್ಕೆ ಬರುವವರು ಎಲ್ಲಕ್ಕಿಂತ ಮೊದಲು ತಿಳಿಯಬೇಕಾದದ್ದು ಅದೇ.

ಭಾರತೀಯ ಪುನರ್ವಸತಿ ಪರಿಷತ್ತು ಅಂತ ಇದೆ, ಎಲ್ಲರೂ ಆರ್‌ಸಿಐ ಅಂತಾರೆ. 1992ರ ಕಾಯ್ದೆಯಿಂದ ಬಂದದ್ದು. ಡಾಕ್ಟರಿಗೆ ಮೆಡಿಕಲ್ ಕೌನ್ಸಿಲ್ ನೋಂದಣಿ ಇದ್ದ ಹಾಗೆ ನಮಗೆ ಇದು. ಆರ್‌ಸಿಐ ಒಪ್ಪಿದ ಕೋರ್ಸ್ ಮುಗಿಸಿದರೆ ಕೇಂದ್ರ ಪುನರ್ವಸತಿ ನೋಂದಣಿಯಲ್ಲಿ ಹೆಸರು ಸೇರುತ್ತದೆ, ಒಂದು ನಂಬರ್ ಸಿಗುತ್ತದೆ. ಅದೇ ಸಿಆರ್‌ಆರ್. ನೋಂದಣಿ ಇಲ್ಲದೆ ವಿಶೇಷ ಶಿಕ್ಷಕರು ಅಂತ ಕೆಲಸ ಮಾಡುವುದು ಕಾನೂನು ಪ್ರಕಾರ ತಪ್ಪು. ಒಂದು ವರ್ಷದವರೆಗೆ ಜೈಲು, ಇಲ್ಲವೇ ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಕುಡ್ಲದ_ಮಾಣಿ
ಸಾವಿರ ರೂಪಾಯಿ! ಹೆಲ್ಮೆಟ್ ಇಲ್ಲದೆ ಎರಡು ಸಲ ಸಿಕ್ಕಿಬಿದ್ದ ಲೆಕ್ಕ.

ಗಂಗೋತ್ರಿ_ಹಳಬ
ನಗಬೇಡಿ ಮಾರಾಯರೇ, ಅದು 1992ರ ಸಾವಿರ 😄 ನಿಜ ಹೇಳಬೇಕೆಂದರೆ ಯಾರೂ ಬಂದು ಹಿಡಿಯುವುದಿಲ್ಲ. ಆದರೆ ಒಳ್ಳೆಯ ಕಡೆ ಕೆಲಸ ಸಿಗುವುದಿಲ್ಲ, ಸರ್ಕಾರಿ ಹುದ್ದೆಗೆ ಅರ್ಜಿಯೇ ಹಾಕಲಾಗುವುದಿಲ್ಲ.

ಮಿಸ್ ಅವರೇ, ಇನ್ನೊಂದು ವಿಷಯ. ನೀವು ಕೇಳುತ್ತಿರುವಂಥ ಎಂ.ಎಡ್. ನಮ್ಮಲ್ಲಿ ನೇರವಾಗಿ ಇಲ್ಲ. ಇಲ್ಲಿ ವಿಶೇಷ ಶಿಕ್ಷಣದ ಬಿ.ಎಡ್., ಎಂ.ಎಡ್. ಎರಡನ್ನೂ ಮಗುವಿನ ವಯಸ್ಸಿನ ಮೇಲೆ ವಿಂಗಡಿಸಿಲ್ಲ, ತೊಂದರೆಯ ಮೇಲೆ ವಿಂಗಡಿಸಿದ್ದಾರೆ. ಕಿವಿ ಕೇಳದ ಮಕ್ಕಳಿಗೊಂದು, ಕಣ್ಣು ಕಾಣದವರಿಗೊಂದು, ಬುದ್ಧಿ ಬೆಳವಣಿಗೆಯ ತೊಂದರೆಗೊಂದು, ಹೀಗೆ. ಚಿಕ್ಕ ಮಕ್ಕಳ ವಿಷಯ ಅದರೊಳಗೆ ಒಂದು ಪಾಠವಾಗಿ ಬಂದು ಹೋಗುತ್ತದೆ. ಆದ್ದರಿಂದ "ಯಾವ ಮಾಸ್ಟರ್ಸ್" ಅನ್ನುವ ಮೊದಲು "ಯಾವ ಮಕ್ಕಳು" ಅಂತ ಯೋಚಿಸಿ.

ಯುಕೆಜಿ_ಮಿಸ್
ಇದು ನನಗೆ ಗೊತ್ತೇ ಇರಲಿಲ್ಲ. ಮಾಮೂಲಿ ಬಿ.ಎಡ್. ಇದ್ದರೆ ನೇರವಾಗಿ ಸ್ಪೆಷಲ್ ಎಂ.ಎಡ್.ಗೆ ಸೇರಬಹುದಾ?

ಗಂಗೋತ್ರಿ_ಹಳಬ
ಆಗಲ್ಲ. ಸ್ಪೆಷಲ್ ಬಿ.ಎಡ್. ಇರಬೇಕು. ಇಲ್ಲವಾದರೆ ಮಾಮೂಲಿ ಬಿ.ಎಡ್. ಜೊತೆ ಆರ್‌ಸಿಐ ಒಪ್ಪಿದ ವಿಶೇಷ ಶಿಕ್ಷಣದ ಡಿಪ್ಲೊಮಾ ಇರಬೇಕು, ಎರಡರಲ್ಲೂ ಶೇ. 50. ನಿಮಗೆ ಎರಡನೇ ದಾರಿ ಹತ್ತಿರ. ಆದರೆ ಯಾವ ಡಿಪ್ಲೊಮಾ ಒಪ್ಪುತ್ತಾರೆ ಅಂತ ಸೇರಬೇಕೆಂದಿರುವ ಕಾಲೇಜಿನಿಂದ ಮೊದಲೇ ಬರಹದಲ್ಲಿ ತರಿಸಿಕೊಳ್ಳಿ. ಫೋನಲ್ಲಿ "ಆಗುತ್ತೆ ಬನ್ನಿ" ಅಂದದ್ದನ್ನು ನಂಬಬೇಡಿ.

ಪೇಡಾ_ಪ್ರಿಯೆ
ಧಾರವಾಡದ ಮಾತು ಬಂತು ಅಂತ ಬಂದೆ. ನಾನು ಅಲ್ಲೇ, ಕೃಷಿ ವಿಶ್ವವಿದ್ಯಾಲಯದಲ್ಲಿ ಮಾನವ ಅಭಿವೃದ್ಧಿ ಓದಿದವಳು. ನೋಡ್ರಿ, ಕೋರ್ಸ್ ಬಗ್ಗೆ ಎರಡು ಮಾತಿಲ್ಲ. ಮಗು ಯಾವ ತಿಂಗಳಿಗೆ ಏನು ಮಾಡಬೇಕು, ಯಾಕೆ ಮಾಡುತ್ತಿಲ್ಲ, ಮನೆ ಪರಿಸ್ಥಿತಿ ಹೇಗಿದೆ, ಇದನ್ನೆಲ್ಲ ಅಲ್ಲಿ ಕಲಿಸಿದ ಹಾಗೆ ಬೇರೆ ಕಡೆ ಕಲಿಸಲ್ಲ. ನರ್ಸರಿ ಮಕ್ಕಳ ಪಕ್ಕ ಕೂತು ಪುಟಗಟ್ಟಲೆ ಬರೆದಿದ್ದೇವೆ. ಆದರೆ ಎರಡು ತೊಡಕು ಇವೆ. ಒಂದು, ಹೋಂ ಸೈನ್ಸ್ ಕಡೆಯ ಡಿಗ್ರಿ ಇದ್ದವರಿಗೆ ಇರುವ ಕೋರ್ಸ್ ಅದು, ಬಿ.ಎ. ಮೇಲೆ ಕಷ್ಟ. ಎರಡು, ಮುಗಿಸಿದ ಮೇಲೆ ಸಿಆರ್‌ಆರ್ ಬರಲ್ಲ. ನನಗೂ ಇಲ್ಲ. ಒಂದು ಸಂಸ್ಥೆಯಲ್ಲಿ ತಾಯಂದಿರ ತರಬೇತಿ ನೋಡಿಕೊಳ್ಳುತ್ತೇನೆ, ಪತ್ರಕ್ಕೆ ಸಹಿ ಬೇಕು ಅಂದಾಗ ಸ್ಪೆಷಲ್ ಟೀಚರ್ ಹತ್ತಿರ ಹೋಗಬೇಕು.

ಕುಡ್ಲದ_ಮಾಣಿ
ಪೇಡಾ ಕಳಿಸಿ ಅಕ್ಕಾ, ಸಹಿ ನಾವು ಹಾಕ್ತೇವೆ.

ಬಿಆರ್‌ಸಿ_ಬೈಕ್
ನಾನು ಬಿಐಇಆರ್‌ಟಿ. ಹೆಸರು ಕೇಳದವರಿಗೆ: ಸಮನ್ವಯ ಶಿಕ್ಷಣದಲ್ಲಿ ತಾಲ್ಲೂಕಿನ ಶಾಲೆ ಶಾಲೆ ತಿರುಗಿ ವಿಶೇಷ ಮಕ್ಕಳನ್ನು ನೋಡುವ ಶಿಕ್ಷಕರು. ಮನೆಯಿಂದ ಏಳಲಾಗದ ಮಕ್ಕಳಿಗೆ ಗೃಹಾಧಾರಿತ ಶಿಕ್ಷಣ, ಅದಕ್ಕೂ ನಾವೇ ಹೋಗುತ್ತೇವೆ. ಬೈಕಿಗೆ ಪೆಟ್ರೋಲ್ ಹಾಕಿ ಹಾಕಿ ಸಾಕಾಗಿದೆ, ಆ ಕತೆ ಬೇಡ ಬಿಡಿ.

ನನ್ನ ಸಂಕಟ ಬೇರೆ. ನಮ್ಮ ಲೆಕ್ಕ ಶುರುವಾಗುವುದೇ ಆರು ವರ್ಷಕ್ಕೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಉಚಿತ ಶಿಕ್ಷಣದ ಹಕ್ಕು 6ರಿಂದ 18 ವರ್ಷಕ್ಕೆ. ಮಗು ನನ್ನ ಕೈಗೆ ಬರುವಾಗ ಆರೂವರೆ, ಏಳು. ಅಷ್ಟರಲ್ಲಿ ತಾಯಿ ಹತ್ತು ದೇವಸ್ಥಾನ, ಮೂರು ನಾಟಿ ವೈದ್ಯರು, ಎರಡು ಆಸ್ಪತ್ರೆ ಮುಗಿಸಿರುತ್ತಾಳೆ. "ಗಂಡು ಮಕ್ಕಳು ಮಾತಾಡುವುದು ತಡ, ಅವರ ಅಪ್ಪನೂ ಹಾಗೇ ಇದ್ದ" ಅಂತ ಅತ್ತೆ ಹೇಳಿರುತ್ತಾರೆ. ಎರಡನೇ ವರ್ಷಕ್ಕೆ ಹಿಡಿದಿದ್ದರೆ ಅರ್ಧ ಕಷ್ಟ ಇರುತ್ತಿರಲಿಲ್ಲ. ನೀವು 0ಯಿಂದ 6 ಅಂತ ಆರಿಸಿಕೊಂಡಿದ್ದೀರಲ್ಲ ಮೇಡಂ, ಅದಕ್ಕೇ ಖುಷಿಯಾಯಿತು. ಯಾವ ಕೋರ್ಸಾದರೂ ಮಾಡಿ, ಆ ವಯಸ್ಸು ಮಾತ್ರ ಬಿಡಬೇಡಿ.

ಸೀದಾ_ಮಾತು
ಅತ್ತೆಯಂದಿರನ್ನು ಮಾತ್ರ ಬೈಯೋದು ಯಾಕೆ? ನಮ್ಮ ಮಗುವಿಗೆ "ಕಾದು ನೋಡೋಣ" ಅಂದದ್ದು ಮಕ್ಕಳ ಡಾಕ್ಟರೇ. ಒಂದೂವರೆ ವರ್ಷ ಕಾದೆವು.

ಬಿಆರ್‌ಸಿ_ಬೈಕ್
ಒಪ್ಪಿದೆ. ಕ್ಷಮಿಸಿ.

ಸ್ಪೀಚ್_ಶಾರದೆ
ಹಳಬರೇ, ಒಂದು ತಿದ್ದುಪಡಿ. ವಯಸ್ಸಿನ ಮೇಲೆ ಕೋರ್ಸೇ ಇಲ್ಲ ಅನ್ನಬೇಡಿ. ಎಂ.ಎಡ್. ವಿಷಯದಲ್ಲಿ ನೀವು ಹೇಳಿದ್ದು ಸರಿ. ಆದರೆ ಆರ್‌ಸಿಐ ಪಟ್ಟಿಯಲ್ಲಿ ಅರ್ಲಿ ಚೈಲ್ಡ್‌ಹುಡ್ ಸ್ಪೆಷಲ್ ಎಜುಕೇಶನ್ ಅಂತಲೇ ಒಂದು ವರ್ಷದ ಡಿಪ್ಲೊಮಾ ಇದೆ. ಸಿಕಂದರಾಬಾದಿನಲ್ಲಿ 1984ರಿಂದ ಇರುವ, ಬುದ್ಧಿ ಬೆಳವಣಿಗೆಯ ತೊಂದರೆ ಇರುವವರ ರಾಷ್ಟ್ರೀಯ ಸಂಸ್ಥೆ, ಈಗಿನ ಹೆಸರು ಎನ್‌ಐಇಪಿಐಡಿ, ಅಲ್ಲಿ ಅರ್ಲಿ ಇಂಟರ್‌ವೆನ್ಶನ್‌ನಲ್ಲಿ (ತೊಂದರೆಯನ್ನು ಚಿಕ್ಕಂದಿನಲ್ಲೇ ಗುರುತಿಸಿ ನೆರವು ಕೊಡುವುದು) ಸ್ನಾತಕೋತ್ತರ ಡಿಪ್ಲೊಮಾ ನಡೆಸಿದ್ದಾರೆ, ಅದೇ ವಿಷಯದಲ್ಲಿ ಡಿಸಬಿಲಿಟಿ ಸ್ಟಡೀಸ್ ಎಂ.ಎಸ್ಸಿ. ಕೂಡ ನಡೆಸಿದ್ದಾರೆ. ಈ ವರ್ಷ ಪ್ರವೇಶ ಇದೆಯಾ, ಯಾವ ಡಿಗ್ರಿ ಕೇಳುತ್ತಾರೆ ಅಂತ ಅವರನ್ನೇ ಕೇಳಿ, ವರ್ಷ ವರ್ಷ ಬದಲಾಗುತ್ತದೆ.

ಆ ಪಿಜಿ ಡಿಪ್ಲೊಮಾ ಕ್ಲಾಸಿನ ಚೆಂದ ಅಂದರೆ ಫಿಸಿಯೋ, ಸ್ಪೀಚ್, ಸ್ಪೆಷಲ್ ಟೀಚರ್ ಎಲ್ಲ ಒಂದೇ ಬೆಂಚಿನಲ್ಲಿ. ಎಂಟು ತಿಂಗಳ ಕೂಸಿಗೆ "ಇದು ನನ್ನ ವಿಷಯ, ಅದು ನಿನ್ನ ವಿಷಯ" ಅಂತ ಪಾಲು ಮಾಡಲಾಗುವುದಿಲ್ಲವಲ್ಲ. ಕತ್ತು ನಿಲ್ಲದ ಮಗು ಆಟಿಕೆ ನೋಡುವುದು ಹೇಗೆ, ನೋಡದ ಮಗು ಮಾತು ಕಲಿಯುವುದು ಹೇಗೆ?

ಗಂಗೋತ್ರಿ_ಹಳಬ
ತಿದ್ದುಪಡಿ ಸ್ವೀಕಾರ. ಆ ಒಂದು ವರ್ಷದ ಡಿಪ್ಲೊಮಾ ಮರೆತೇ ಹೋಗಿತ್ತು. ನಮ್ಮ ಕಾಲದಲ್ಲಿ ಬಿ.ಎಡ್. ಕೂಡ ಒಂದೇ ವರ್ಷ.

ಸ್ಪೀಚ್_ಶಾರದೆ
2015ರಿಂದ ಬಿ.ಎಡ್., ಎಂ.ಎಡ್. ಎರಡೂ ಎರಡೆರಡು ವರ್ಷ ಸರ್. ನಿಮ್ಮ ವಯಸ್ಸು ಗೊತ್ತಾಯಿತು 😀

ಯುಕೆಜಿ_ಮಿಸ್
ಅಂದರೆ ಡಿಪ್ಲೊಮಾ, ಆಮೇಲೆ ಎರಡು ವರ್ಷ ಎಂ.ಎಡ್. ಒಟ್ಟು ಮೂರೋ ನಾಲ್ಕೋ ವರ್ಷ. ಅಮ್ಮ ಕೇಳಿದರೆ "ಇನ್ನೂ ಎಷ್ಟು ಓದ್ತೀಯೇ?" ಅಂತಾರೆ.

ಸೀದಾ_ಮಾತು
ನಿಮ್ಮ ಅಮ್ಮನ ಪರವಾಗಿ ನಾನೇ ಕೇಳ್ತೀನಿ. ಮಾಸ್ಟರ್ಸ್ ಯಾಕೆ ಬೇಕು? ನಮ್ಮಲ್ಲಿ ಸ್ಪೆಷಲ್ ಎಂ.ಎಡ್. ಮಾಡಿದವರು ಎಲ್ಲಿ ಸೇರ್ತಾರೆ ನೋಡಿ. ಡಿಪ್ಲೊಮಾ, ಬಿ.ಎಡ್. ಕಾಲೇಜಿನಲ್ಲಿ ಲೆಕ್ಚರರ್ ಆಗ್ತಾರೆ. ಮಕ್ಕಳಿಗೆ ಕಲಿಸುವವರಿಗೆ ಕಲಿಸ್ತಾರೆ. ನೆಲದ ಮೇಲೆ ಕೂತು ಮಗುವಿನ ಜೊತೆ ಮಣಿ ಪೋಣಿಸುವವರು ಡಿಪ್ಲೊಮಾದವರು. ನಿಮಗೆ ಬೇಕಾಗಿರೋದು ತೀರ್ಥಹಳ್ಳಿ ಬಸ್ಸಿನ ಹುಡುಗ ಅಲ್ವಾ? ಮೇಲೆ ಓದಿದಷ್ಟೂ ಅವನಿಂದ ದೂರ ಹೋಗ್ತೀರಿ.

ಸ್ಪೀಚ್_ಶಾರದೆ
ಇದು ಅರ್ಧ ಸತ್ಯ. ಜಿಲ್ಲಾ ಆಸ್ಪತ್ರೆಯ ತಂಡದಲ್ಲಿ ಮಕ್ಕಳ ಡಾಕ್ಟರ್, ಫಿಸಿಯೋ, ಸೈಕಾಲಜಿಸ್ಟ್, ಎಲ್ಲರೂ ಡಿಗ್ರಿಯ ಮೇಲೆ ಡಿಗ್ರಿ ಇಟ್ಟುಕೊಂಡವರು. ಅಲ್ಲಿ ಡಿಪ್ಲೊಮಾದ ಟೀಚರ್ ಬಾಯಿ ತೆರೆದರೆ ಯಾರೂ ಕೇಳಲ್ಲ. ಮಗುವಿನ ಬಗ್ಗೆ ಹೆಚ್ಚು ಗೊತ್ತಿರುವುದು ಅವಳಿಗೇ ಆದರೂ ಕೇಳಲ್ಲ. ನಾನು ಕಣ್ಣಾರೆ ಕಂಡಿದ್ದೇನೆ. ಹೀಗಿರಬಾರದು, ಆದರೆ ಹೀಗಿದೆ.

ಸೀದಾ_ಮಾತು
ಹಾಗಾದರೆ ಡಿಗ್ರಿ ಮಗುವಿಗಲ್ಲ, ಡಾಕ್ಟರಿಗೆ ತೋರಿಸೋಕೆ.

ಸ್ಪೀಚ್_ಶಾರದೆ
ಬೇಕಾದರೆ ಹಾಗೇ ಅಂದುಕೊಳ್ಳಿ. ಕೊನೆಗೆ ಲಾಭ ಆಗೋದು ಮಗುವಿಗೇ.

ಹೊಸಪೇಟೆ_ಹನುಮ
ಜಿಲ್ಲಾ ಆಸ್ಪತ್ರೆ ಅಂದ್ರಿ. ಅಲ್ಲಿ ಸ್ಪೆಷಲ್ ಟೀಚರ್ ಹುದ್ದೆ ಇದೆಯಾ?

ಬಿಆರ್‌ಸಿ_ಬೈಕ್
ಇದೆ. 2013ರಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಶುರುವಾಯಿತು, ಆರ್‌ಬಿಎಸ್‌ಕೆ. ಅಂಗನವಾಡಿಗೆ, ಶಾಲೆಗೆ ವ್ಯಾನಿನಲ್ಲಿ ಬಂದು ಮಕ್ಕಳನ್ನು ತಪಾಸಣೆ ಮಾಡ್ತಾರಲ್ಲ, ಅವರೇ. ತೊಂದರೆ ಕಂಡ ಮಗುವನ್ನು ಡಿಇಐಸಿ ಅಂತ ಜಿಲ್ಲಾ ಕೇಂದ್ರಕ್ಕೆ ಕಳಿಸಬೇಕು. ಅದರ ಮಾರ್ಗಸೂಚಿಯಲ್ಲೇ ಅರ್ಲಿ ಇಂಟರ್‌ವೆನ್ಶನಿಸ್ಟ್ ಕಂ ಸ್ಪೆಷಲ್ ಎಜುಕೇಟರ್ ಅಂತ ಹುದ್ದೆ ಇದೆ. ಗುತ್ತಿಗೆ ಕೆಲಸ. ಎಲ್ಲ ಕಡೆ ಭರ್ತಿ ಆಗಿರಲ್ಲ.

ಶಾಲೆಗಳ ಕಡೆಯೂ ಬಾಗಿಲು ತೆರೀತಿದೆ. ಪ್ರಾಥಮಿಕದಲ್ಲಿ 10 ವಿಶೇಷ ಮಕ್ಕಳಿಗೆ ಒಬ್ಬರು, ಮೇಲಿನ ತರಗತಿಗಳಲ್ಲಿ 15ಕ್ಕೆ ಒಬ್ಬರು ಶಿಕ್ಷಕರು ಇರಬೇಕು ಅಂತ ಸುಪ್ರೀಂ ಕೋರ್ಟ್ 2021ರಲ್ಲೇ ಹೇಳಿತ್ತು. 2025ರ ಮಾರ್ಚ್‌ನಲ್ಲಿ ಹುದ್ದೆಗಳನ್ನು ಅಧಿಸೂಚನೆ ಮಾಡಿ ಅಂತ ರಾಜ್ಯಗಳಿಗೆ ಮತ್ತೆ ಹೇಳಿದೆ. ಆದರೆ ಅದು ಒಂದನೇ ಕ್ಲಾಸಿನ ಮೇಲಿನ ಮಾತು.

ಹೊಸಪೇಟೆ_ಹನುಮ
ಗುತ್ತಿಗೆ ಅಂದರೆ ಸಂಬಳ ಮೂರು ತಿಂಗಳಿಗೊಮ್ಮೆ, ಅಲ್ವಾ?

ಬಿಆರ್‌ಸಿ_ಬೈಕ್
ನನ್ನ ಬಾಯಿ ಬಿಡಿಸಬೇಡಿ.

ಎಡಿಸನ್_ಅಕ್ಕ
ನ್ಯೂಜೆರ್ಸಿಯಿಂದ. ಮಗಳ ಮನೆಗೆ ಬಂದ ಅಜ್ಜಿ ಅಲ್ಲ, ಇಲ್ಲೇ ಪ್ರೀಸ್ಕೂಲಿನಲ್ಲಿ ಸ್ಪೆಷಲ್ ಟೀಚರ್. ಇಲ್ಲಿ ನೀವು ಹೇಳಿದ್ದಕ್ಕೆ ಪೂರಾ ಉಲ್ಟಾ. ಇಲ್ಲಿ ಕಾನೂನೇ ವಯಸ್ಸಿನ ಮೇಲೆ ನಿಂತಿದೆ. ಹುಟ್ಟಿದಾಗಿನಿಂದ ಮೂರನೇ ಹುಟ್ಟುಹಬ್ಬದವರೆಗೆ ಐಡಿಇಎ ಅನ್ನುವ ವಿಶೇಷ ಮಕ್ಕಳ ಶಿಕ್ಷಣ ಕಾಯ್ದೆಯ ಪಾರ್ಟ್ ಸಿ, ಟೀಚರ್ ಮನೆಗೇ ಹೋಗುತ್ತಾರೆ, ಯೋಜನೆ ಇಡೀ ಕುಟುಂಬದ ಹೆಸರಲ್ಲಿ. ಮೂರು ತುಂಬಿತು ಅಂದರೆ ಪಾರ್ಟ್ ಬಿ, ಶಾಲೆಯ ಜವಾಬ್ದಾರಿ, ಯೋಜನೆ ಮಗುವಿನ ಹೆಸರಲ್ಲಿ. ಚಿಕ್ಕ ಮಕ್ಕಳ ಸೇವೆ 1986ರ ತಿದ್ದುಪಡಿಯಿಂದ ಬಂದದ್ದು. ಹಾಗಾಗಿ ಮಾಸ್ಟರ್ಸ್ ಕೂಡ ಆ ವಯಸ್ಸಿಗೇ ಅಂತ ಬೇರೆ ಇವೆ.

ಇಲ್ಲಿಗೆ ಬಂದು ಓದುವ ಯೋಚನೆ ಇರುವವರಿಗೆ ಎರಡು ಮಾತು. ಟೀಚರ್ ಲೈಸೆನ್ಸ್ ರಾಜ್ಯ ರಾಜ್ಯಕ್ಕೆ ಬೇರೆ, ಒಂದು ರಾಜ್ಯದ ಕೋರ್ಸ್ ಮಾಡಿ ಇನ್ನೊಂದಕ್ಕೆ ಹೋದರೆ ಮತ್ತೆ ಪೇಪರ್ ಕೆಲಸ. ಮತ್ತೆ, ಈ ವಿಷಯಕ್ಕೆ ಕೇಂದ್ರ ಸರ್ಕಾರದ ಒಳ್ಳೆಯ ಸ್ಕಾಲರ್‌ಶಿಪ್ ಇದೆ, ಪಡೆದ ಒಂದೊಂದು ವರ್ಷಕ್ಕೆ ಎರಡೆರಡು ವರ್ಷ ಕೆಲಸ ಮಾಡಬೇಕು. ಆದರೆ ಅದು ಸಿಟಿಜನ್‌ಗೆ, ಗ್ರೀನ್ ಕಾರ್ಡ್‌ನವರಿಗೆ. ಯಜಮಾನರ ಜೊತೆ ಎಚ್4 ವೀಸಾದಲ್ಲಿ ಬಂದ ನನಗೆ ಸಿಗಲಿಲ್ಲ. ಓದಬಹುದಿತ್ತು, ಆದರೆ ಆಗ ಕೆಲಸ ಮಾಡುವ ಹಾಗಿರಲಿಲ್ಲ. ಯಜಮಾನರ ಸಂಬಳದಲ್ಲಿ ಫೀ ಕಟ್ಟಿದೆವು. ಆ ಎರಡು ವರ್ಷ ಮನೇಲಿ ಹೋಟೆಲ್ ಊಟದ ಮಾತೇ ಇರಲಿಲ್ಲ.

ಕುಡ್ಲದ_ಮಾಣಿ
ಟೀಚರ್ ಮನೆಗೇ ಬರ್ತಾರಾ? ಇಲ್ಲಿ ಮಗು ಕರ್ಕೊಂಡು ಒಂದು ಗಂಟೆ ಸೆಷನ್‌ಗೆ ಎರಡು ಗಂಟೆ ಟ್ರಾಫಿಕ್.

ಎಡಿಸನ್_ಅಕ್ಕ
ಬರ್ತಾರೆ. ಆದರೆ ಕನ್ನಡ ಬರೋ ಟೀಚರ್ ಬರಲ್ಲ 🙂 ಇಲ್ಲಿನ ಎಷ್ಟೋ ಕನ್ನಡದ ಮನೆಗಳಲ್ಲಿ ಮಗು ಮಾತಾಡುವುದು ತಡವಾದ ಕೂಡಲೇ ಕನ್ನಡ ಬಿಟ್ಟು ಇಂಗ್ಲಿಷ್ ಶುರು ಮಾಡ್ತಾರೆ.

ಸೀದಾ_ಮಾತು
ಅದನ್ನು ಬೆಂಗಳೂರಲ್ಲೂ ಹೇಳ್ತಾರೆ. ನಮಗೂ ಹೇಳಿದರು, "ಮನೇಲಿ ಒಂದೇ ಭಾಷೆ, ಇಂಗ್ಲಿಷ್ ಆದರೆ ಒಳ್ಳೇದು." ನಮ್ಮ ಅತ್ತೆಗೆ ಇಂಗ್ಲಿಷ್ ಬರಲ್ಲ. ಮೊಮ್ಮಗನ ಜೊತೆ ಆರು ತಿಂಗಳು ಮಾತೇ ಬಿಟ್ಟರು, ಮಗುವಿಗೆ ತೊಂದರೆ ಆಗಬಾರದು ಅಂತ. ಅದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತೆ.

ಸ್ಪೀಚ್_ಶಾರದೆ
ಅಯ್ಯೋ. ಎರಡು ಭಾಷೆ ಕೇಳಿದ್ದರಿಂದ ಆಟಿಸಂ ಇರುವ ಮಗುವಿನ ಮಾತು ಇನ್ನಷ್ಟು ತಡವಾಗುತ್ತದೆ ಅನ್ನುವುದಕ್ಕೆ ಸಂಶೋಧನೆಯಲ್ಲಿ ಆಧಾರ ಸಿಕ್ಕಿಲ್ಲ. ಮನೆಯವರು ಮನಸ್ಸು ಬಿಚ್ಚಿ ಆಡುವ ಭಾಷೆಯೇ ಮಗುವಿಗೆ ಬೇಕು. ಅತ್ತೆಯವರಿಗೆ ಹೇಳಿ, ಇವತ್ತೇ ಕತೆ ಶುರು ಮಾಡಲಿ.

ಸೀದಾ_ಮಾತು
ಈಗ ಮಾತಾಡ್ತಾರೆ. ಇಬ್ಬರೂ ಸೇರಿ ನನ್ನನ್ನೇ ಬೈತಾರೆ.

ದೋಸೆ_ಅಮ್ಮ
ನಾನು ಟೀಚರ್ ಅಲ್ಲ, ಕಿವಿ ಕೇಳದ ಮಗಳ ತಾಯಿ. ಮೈಸೂರಿನಲ್ಲಿ ಅಮ್ಮಂದಿರೂ ದಿನಾ ಮಕ್ಕಳ ಜೊತೆ ಬಂದು ಕಲಿಯುವ ಶಾಲೆ ಇದೆ. ಊರು ಬಿಟ್ಟು, ಅಲ್ಲೊಂದು ರೂಮ್ ಮಾಡಿ ಮೂರು ವರ್ಷ ಇದ್ದೆ. ಮೊದಲ ದಿನ ಟೀಚರ್ ಕೇಳಿದರು, "ಬೆಳಿಗ್ಗೆ ತಿಂಡಿ ಏನು ಮಾಡಿದ್ರಿ?" ದೋಸೆ ಅಂದೆ. "ಮಾಡುವಾಗ ಮಗುವಿಗೆ ಏನು ಹೇಳಿದ್ರಿ?" ಏನೂ ಹೇಳಿರಲಿಲ್ಲ. ಕಿವಿ ಕೇಳಲ್ಲ ಅಂತ ಮಾತು ನಿಲ್ಲಿಸಿದ್ದೆ. ಮಾರನೇ ದಿನದಿಂದ ಕಿವಿಗೆ ಮಿಷನ್ ಹಾಕಿ ಒಲೆ ಹತ್ತಿರ ಕೂರಿಸಿಕೊಂಡು ಹೇಳ್ತಾ ಬಂದೆ. ಹಿಟ್ಟು ಹುಯ್ಯೋಣ, ಚುಂಯ್ ಅಂತು ನೋಡು, ಬಿಸಿ ಬಿಸಿ, ಈಗ ತಿರುವಿ ಹಾಕೋಣ. ಅವಳ ಮೊದಲ ಮಾತು "ಚುಂಯ್". ಅಮ್ಮ ಅಲ್ಲ.

ಆ ಟೀಚರಿಗೆ ಯಾವ ಮಾಸ್ಟರ್ಸೂ ಇರಲಿಲ್ಲ. ಇರಬಾರದು ಅಂತ ನಾನು ಹೇಳ್ತಿಲ್ಲ. ಕೋರ್ಸ್ ಸೇರುವ ಮೊದಲು ಆ ಕಾಲೇಜಿಗೆ ಹೋಗಿ ಕೇಳಿ: ನಿಮ್ಮಲ್ಲಿ ಚಿಕ್ಕ ಮಕ್ಕಳು ಎಷ್ಟು ಜನ ಇದ್ದಾರೆ? ಅವರ ಅಮ್ಮಂದಿರ ಜೊತೆ ನಮ್ಮನ್ನು ಕೂರಿಸ್ತೀರಾ?

ಯುಕೆಜಿ_ಮಿಸ್
ಅಮ್ಮಾ, ಎರಡು ಸಲ ಓದಿದೆ. ಮಗಳು ಈಗ ಏನು ಮಾಡ್ತಿದ್ದಾಳೆ?

ದೋಸೆ_ಅಮ್ಮ
ಬಿ.ಕಾಂ. ಎರಡನೇ ವರ್ಷ. ದೋಸೆ ಮಾಡೋಕೆ ಬರಲ್ಲ.

ಗಂಗೋತ್ರಿ_ಹಳಬ
ಅಮ್ಮ ಕೇಳಿ ಅಂದದ್ದು ನಾನು ಬರೆಯಬೇಕಿದ್ದ ಉತ್ತರ. ಅದಕ್ಕೇ ಸೇರಿಸ್ತೇನೆ. ಪ್ರಾಕ್ಟಿಕಮ್, ಅಂದರೆ ಮಕ್ಕಳ ಜೊತೆ ಮಾಡಿ ಕಲಿಯುವ ಗಂಟೆಗಳು ಪುಸ್ತಕದಲ್ಲಿ ಎಲ್ಲ ಕಡೆ ಚೆನ್ನಾಗೇ ಇರುತ್ತವೆ. ಕೆಲವು ಕಡೆ ಆ ಗಂಟೆಗಳನ್ನು ಹತ್ತನೇ ಕ್ಲಾಸಿನ ಮಕ್ಕಳ ಜೊತೆ ಮುಗಿಸಿಬಿಡ್ತಾರೆ, ನಿಮಗೆ ಅದರಿಂದ ಏನುಪಯೋಗ? ಕ್ಯಾಂಪಸ್ಸಿನಲ್ಲೇ ಪುಟ್ಟ ಮಕ್ಕಳ ಶಾಲೆಯೋ ಅರ್ಲಿ ಇಂಟರ್‌ವೆನ್ಶನ್ ಘಟಕವೋ ಇರುವ ಕಡೆ ಹೋಗಿ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಪ್ರೀಸ್ಕೂಲ್ ಒಳಗೇ ಇದೆ, ಆದರೆ ಅಲ್ಲಿನ ಎಂ.ಎಡ್. ಶ್ರವಣ ದೋಷದ ಕಡೆಯದು. ನಿಮ್ಮ ಬಸ್ಸಿನ ಹುಡುಗನಂಥವರು ಬೇಕು ಅಂದರೆ ಸಿಕಂದರಾಬಾದ್. ಚೆನ್ನೈ ಹತ್ತಿರ ಮುತ್ತುಕಾಡಿನ ಸಂಸ್ಥೆಯೂ ಇದೆ, ಬಹುವಿಧ ಅಂಗವೈಕಲ್ಯದ್ದು. 2021ರಲ್ಲಿ ಕೇಂದ್ರ ಸರ್ಕಾರ 14 ಕಡೆ ಎಲ್ಲ ಬಗೆಯ ತೊಂದರೆಗೂ ಒಂದೇ ಸೂರಿನಡಿ ಅರ್ಲಿ ಇಂಟರ್‌ವೆನ್ಶನ್ ಕೇಂದ್ರ ತೆರೆಯಿತು, ಅದರಲ್ಲಿ ಇವೆರಡೂ ಊರುಗಳಿವೆ.

ಹೊಸಪೇಟೆ_ಹನುಮ
ಕರ್ನಾಟಕದಲ್ಲಿ ಒಂದೂ ಇಲ್ವಾ ಆ 14ರಲ್ಲಿ?

ಗಂಗೋತ್ರಿ_ಹಳಬ
ಆ ಪಟ್ಟಿಯಲ್ಲಿ ಇರಲಿಲ್ಲ. ದಾವಣಗೆರೆಯಲ್ಲಿ ಸಿಆರ್‌ಸಿ ಇದೆ, ಸಿಕಂದರಾಬಾದಿನ ಸಂಸ್ಥೆಯ ಕೆಳಗೇ ಬರುವ ಪ್ರಾದೇಶಿಕ ಕೇಂದ್ರ. ಶಿವಮೊಗ್ಗದಿಂದ ಬೆಳಿಗ್ಗೆ ಹೊರಟರೆ ಸಂಜೆ ವಾಪಸ್. ಮಿಸ್, ಮೊದಲು ಅಲ್ಲಿಗೆ ಹೋಗಿ. ಡಿಪ್ಲೊಮಾ ಏನೇನಿದೆ ಅಂತ ಕೇಳಿ, ಸುಮ್ನೆ ಅರ್ಧ ದಿನ ಕೂತು ನೋಡಿ ಬನ್ನಿ.

ಕುಡ್ಲದ_ಮಾಣಿ
ದಾವಣಗೆರೆಗೆ ಹೋಗಿ ಬೆಣ್ಣೆ ದೋಸೆ ತಿನ್ನದೆ ಬಂದರೆ ಅಮ್ಮನವರು ಬೈತಾರೆ.

ದೋಸೆ_ಅಮ್ಮ
ಬೈತೀನಿ.

ಯುಕೆಜಿ_ಮಿಸ್
ಶನಿವಾರ ರಜೆ ಹಾಕಿದ್ದೇನೆ. ಯಜಮಾನರಿಗೂ ಹೇಳಿಯಾಯಿತು. ಆನ್‌ಲೈನ್ ಜಾಹೀರಾತಿನವರು ಇವತ್ತು ಮತ್ತೆ ಫೋನ್ ಮಾಡಿದ್ದರು. ಆರ್‌ಸಿಐ ಒಪ್ಪಿಗೆ ಪತ್ರ ಕಳಿಸಿ ಅಂದೆ. "ಇದು ಇಂಟರ್‌ನ್ಯಾಷನಲ್ ಮೇಡಂ" ಅಂದರು. ಇಟ್ಟೆ.

ರಾಗಿಮುದ್ದೆ
👏 ನನಗೂ ಅದೇ ಹೇಳಿದ್ದರು. ಆಗ ನಾನು ಖುಷಿಪಟ್ಟಿದ್ದೆ.

ಹೊಸಬಳು_77
ಇಲ್ಲಿ ಕೇಳಬಹುದಾ ಗೊತ್ತಿಲ್ಲ. ನಾನೂ ಶಿವಮೊಗ್ಗದ ಹತ್ತಿರದವಳೇ. ಮಗನಿಗೆ 20 ತಿಂಗಳು. ಒಂದು ವರ್ಷಕ್ಕೆ ಅಪ್ಪ, ಅಮ್ಮ ಅಂತಿದ್ದ, ಈಗ ಅದೂ ನಿಂತಿದೆ. ಎಲ್ಲರೂ ಕಾಯಿರಿ ಅಂತಿದ್ದಾರೆ. ಕಾಯಬೇಕಾ?

ಸ್ಪೀಚ್_ಶಾರದೆ
ಕಾಯಬೇಡಿ. ಬಂದ ಮಾತು ನಿಂತುಹೋಯಿತು ಅಂದರೆ ಯಾವ ವಯಸ್ಸಿನಲ್ಲೂ ತೋರಿಸಲೇಬೇಕು. ಮೊದಲು ಕಿವಿ ಪರೀಕ್ಷೆ, ಜೊತೆಗೇ ಬೆಳವಣಿಗೆಯ ತಪಾಸಣೆ. ಏನೂ ಇಲ್ಲದೆಯೂ ಇರಬಹುದು, ಹೆದರಬೇಡಿ. ಆದರೆ ಈ ವಾರವೇ ಹೋಗಿ.

ಬಿಆರ್‌ಸಿ_ಬೈಕ್
ಮೆಗ್ಗಾನ್ ಆಸ್ಪತ್ರೆಯಲ್ಲಿ ಡಿಇಐಸಿ ಎಲ್ಲಿ ಅಂತ ವಿಚಾರಿಸಿ. ತಾಯಿ ಕಾರ್ಡ್ ಮರೆಯದೆ ತಗೊಂಡು ಹೋಗಿ.

ಯುಕೆಜಿ_ಮಿಸ್
ಒಬ್ಬರೇ ಹೋಗೋದು ಬೇಡ. ನಿಮಗೆ ಮೆಸೇಜ್ ಹಾಕಿದ್ದೇನೆ, ನೋಡಿ. ಸೋಮವಾರ ನನಗೆ ಎರಡನೇ ಪೀರಿಯಡ್‌ನಿಂದ ಕ್ಲಾಸಿಲ್ಲ.